ಅಣುವಿನ ಲೆಕ್ಕಕ್ಕೆ ದಾರಿ ತೋರಿದ ಫೈನ್‌ಮನ್

ಮಕ್ಕಳೇ, ಕೆಟ್ಟ ರೇಡಿಯೊದ ಮುಂದೆ ಅತ್ತಿತ್ತ ನಡೆದಾಡುತ್ತಾ ಯೋಚಿಸಿ, ದೋಷ ಕಂಡುಹಿಡಿದು ಸರಿಪಡಿಸುತ್ತಿದ್ದ ಹುಡುಗನೊಬ್ಬನಿದ್ದ. ಅವನೇ ಮುಂದೆ ಪ್ರಸಿದ್ಧ ಭೌತವಿಜ್ಞಾನಿಯಾದ ರಿಚರ್ಡ್ ಫೈನ್‌ಮನ್.

ಫೈನ್‌ಮನ್ 1918ರ ಮೇ 11ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಹಕ್ಕಿಯ ಹೆಸರು ತಿಳಿದರೆ ಸಾಲದು, ಅದು ಏನು ಮಾಡುತ್ತದೆ ಎಂದು ಗಮನಿಸಬೇಕು ಎಂಬುದು ತಂದೆ ಕಲಿಸಿದ ಪಾಠ.

1942ರಲ್ಲಿ ಅವರು ಆರ್ಲೀನ್ ಅವರನ್ನು ಮದುವೆಯಾದರು. ಆಕೆಗೆ ಕ್ಷಯರೋಗವಿರುವುದು ಇಬ್ಬರಿಗೂ ತಿಳಿದಿತ್ತು. ಅದು ಎರಡನೇ ಮಹಾಯುದ್ಧದ ಕಾಲ. ಫೈನ್‌ಮನ್ ಲಾಸ್ ಅಲಾಮೋಸ್‌ನಲ್ಲಿ ಪರಮಾಣು ಬಾಂಬ್ ಯೋಜನೆಯ ಲೆಕ್ಕಾಚಾರ ನೋಡಿಕೊಳ್ಳುತ್ತಿದ್ದರು. ಬಿಡುವಾದಾಗ ಸುಮಾರು 160 ಕಿ.ಮೀ. ದೂರದ ಅಲ್ಬುಕರ್ಕಿಯ ಆಸ್ಪತ್ರೆಗೆ ಪತ್ನಿಯನ್ನು ನೋಡಲು ಹೋಗುತ್ತಿದ್ದರು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲೇ ಪತ್ತೆಯಾಗಿದ್ದರೂ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. 1945ರ ಜೂನ್ 16ರಂದು ಆರ್ಲೀನ್ ತೀರಿಕೊಂಡರು.

ಮುಂದೆ ಬೆಳಕು ಮತ್ತು ಎಲೆಕ್ಟ್ರಾನ್‌ಗಳ ವರ್ತನೆಯನ್ನು ವಿವರಿಸಿದ್ದಕ್ಕಾಗಿ 1965ರಲ್ಲಿ ಫೈನ್‌ಮನ್ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

1981ರಲ್ಲಿ ಒಂದು ಉಪನ್ಯಾಸದಲ್ಲಿ ಅವರು ಹೊಸ ವಿಚಾರ ಮುಂದಿಟ್ಟರು. ಅಣುವಿನೊಳಗಿನ ಎಲೆಕ್ಟ್ರಾನ್‌ಗಳು ಕ್ವಾಂಟಂ ನಿಯಮದಂತೆ ನಡೆಯುತ್ತವೆ. ಅವನ್ನು ಲೆಕ್ಕ ಹಾಕಲು ಅದೇ ನಿಯಮದಂತೆ ನಡೆಯುವ ಕಂಪ್ಯೂಟರ್ ಏಕೆ ಕಟ್ಟಬಾರದು? ಸಾಮಾನ್ಯ ಕಂಪ್ಯೂಟರಿನ ಬಿಟ್ 0 ಅಥವಾ 1 ಆಗಿರುತ್ತದೆ. ಕ್ವಾಂಟಂ ಕಂಪ್ಯೂಟರಿನ ಕ್ಯೂಬಿಟ್ ಎರಡರ ಬೆರಕೆ ಸ್ಥಿತಿಯಲ್ಲೂ ಇರಬಲ್ಲದು. 10 ಕ್ಯೂಬಿಟ್‌ಗಳ ಸ್ಥಿತಿಯನ್ನು ಬರೆದಿಡಲು 1,024 ಸಂಖ್ಯೆಗಳು ಬೇಕು. 20 ಕ್ಯೂಬಿಟ್‌ಗಳಿಗೆ 10 ಲಕ್ಷಕ್ಕೂ ಹೆಚ್ಚು! ಎಲೆಕ್ಟ್ರಾನ್‌ಗಳ ಲೆಕ್ಕವೂ ಹೀಗೆಯೇ ಬೆಳೆಯುತ್ತದೆ. ಆದ್ದರಿಂದಲೇ ದೊಡ್ಡ ಅಣುವಿನ ಲೆಕ್ಕ ಸಾಮಾನ್ಯ ಕಂಪ್ಯೂಟರಿಗೆ ಬಲು ಕಷ್ಟ.

ಇದಕ್ಕೂ ಔಷಧಿಗೂ ಏನು ಸಂಬಂಧ? ಔಷಧಿಯ ಅಣು ಸಾಮಾನ್ಯವಾಗಿ ದೇಹದ ಅಥವಾ ರೋಗಾಣುವಿನ ಪ್ರೋಟೀನಿಗೆ, ಬೀಗಕ್ಕೆ ಕೀಲಿಕೈ ಕೂಡುವಂತೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಯಾವ ಅಣು ಹೊಂದುತ್ತದೆ ಎಂದು ಮೊದಲೇ ಲೆಕ್ಕ ಹಾಕಿದರೆ ಔಷಧಿಯ ಹುಡುಕಾಟ ಬೇಗ ಮುಗಿಯಬಹುದು. 2017ರಲ್ಲಿ ಐಬಿಎಂ ಸಂಶೋಧಕರು ಕ್ವಾಂಟಂ ಕಂಪ್ಯೂಟರಿನಲ್ಲಿ ಮೂರೇ ಪರಮಾಣುಗಳ ಬೆರಿಲಿಯಂ ಹೈಡ್ರೈಡ್ ಅಣುವಿನ ಲೆಕ್ಕ ಮಾಡಿದರು. ಔಷಧಿಯ ಅಣುಗಳು ಅದಕ್ಕಿಂತ ಎಷ್ಟೋ ದೊಡ್ಡವು. ಕ್ಯೂಬಿಟ್‌ಗಳು ಸುಲಭವಾಗಿ ತಪ್ಪು ಮಾಡುತ್ತವೆ. ಆ ತಪ್ಪುಗಳನ್ನು ತಿದ್ದುವ ಸಂಶೋಧನೆ ನಡೆದಿದೆ.

ಫೈನ್‌ಮನ್ 1988ರ ಫೆಬ್ರವರಿ 15ರಂದು ಕ್ಯಾನ್ಸರ್‌ನಿಂದ ನಿಧನರಾದರು. ಅಂಥ ಕಂಪ್ಯೂಟರನ್ನು ಅವರು ನೋಡಲಿಲ್ಲ. ಆದರೆ ಅವರು ತೋರಿದ ದಾರಿಯಲ್ಲಿ ಹೊಸ ಮದ್ದುಗಳ ಹುಡುಕಾಟ ಸಾಗಿದೆ.

ಮಾಡಿ ನೋಡಿ: 1ರಿಂದ ಆರಂಭಿಸಿ 20 ಬಾರಿ ಇಮ್ಮಡಿ ಮಾಡುತ್ತಾ ಹೋಗಿ. ಕೊನೆಯ ಉತ್ತರವೆಷ್ಟು?