ಇಂಜಿನಿಯರ್ ಹುದ್ದೆ ಬಿಟ್ಟು ಕೇರಿಗೆ ನಡೆದ ಠಕ್ಕರ್ ಬಾಪಾ

ಮಗ ಇಂಜಿನಿಯರ್ ಆದ ಅಂದರೆ ನಮ್ಮ ಮನೆಗಳಲ್ಲಿ ದೊಡ್ಡ ಸಮಾಧಾನ. ಸಾಲ ತೀರುತ್ತದೆ, ತಂಗಿಯರ ಮದುವೆ ಆಗುತ್ತದೆ, ಒಂದು ಮನೆಯೂ ಎದ್ದು ನಿಲ್ಲುತ್ತದೆ. ನೂರು ವರ್ಷಗಳ ಹಿಂದೆಯೂ ಲೆಕ್ಕಾಚಾರ ಹೀಗೇ ಇತ್ತು. ಅಂಥ ಕಾಲದಲ್ಲಿ ಕೈಯಲ್ಲಿದ್ದ ಇಂಜಿನಿಯರ್ ಕೆಲಸವನ್ನು 44ನೇ ವಯಸ್ಸಿನಲ್ಲಿ ಬಿಟ್ಟು ಬಂದವರು ಅಮೃತಲಾಲ್ ವಿಠಲದಾಸ್ ಠಕ್ಕರ್. ದೇಶ ಅವರನ್ನು ಠಕ್ಕರ್ ಬಾಪಾ ಅಂತ ಕರೆಯಿತು. ಗುಜರಾತಿಯಲ್ಲಿ ಬಾಪಾ ಅಂದರೆ ತಂದೆ.

ಅವರು ಹುಟ್ಟಿದ್ದು 1869ರ ನವೆಂಬರ್ 29ರಂದು, ಕಾಠಿಯಾವಾಡದ ಭಾವನಗರದಲ್ಲಿ. ಗಾಂಧೀಜಿಗಿಂತ ಎರಡು ತಿಂಗಳಿಗೆ ಚಿಕ್ಕವರು ಅಷ್ಟೇ. ತಂದೆ ವಿಠಲದಾಸ್ ಶ್ರೀಮಂತರೇನಲ್ಲ. ಆದರೆ ಊರಿನ ಬಡವರ ಕಷ್ಟಕ್ಕೆ ಮೊದಲು ಓಡುವವರು. ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. ಕಾಠಿಯಾವಾಡದ ರೈಲ್ವೆಯಲ್ಲಿ, ಪೋರಬಂದರ್ ಸಂಸ್ಥಾನದಲ್ಲಿ ಕೆಲಸ ಮಾಡಿದರು. 1900ರ ಸುಮಾರಿಗೆ ಹಡಗು ಹತ್ತಿ ಪೂರ್ವ ಆಫ್ರಿಕಕ್ಕೂ ಹೋದರು. ಮೊಂಬಾಸಾದಿಂದ ಒಳನಾಡಿಗೆ ಉಗಾಂಡ ರೈಲು ಹಾಕುತ್ತಿದ್ದ ಕಾಲ ಅದು. ಹಳಿ ಹಾಸಿದ ಕೂಲಿಗಳಲ್ಲಿ ಹೆಚ್ಚಿನವರು ಭಾರತದಿಂದ ಹೋದವರೇ. ಇಂದು ನಮ್ಮ ಹುಡುಗರು ಗಲ್ಫಿಗೆ ಹೋಗಿ ದುಡಿಯುವ ಹಾಗೆ ಮೂರು ವರ್ಷ ಅಲ್ಲಿ ದುಡಿದು ಊರಿಗೆ ಮರಳಿದರು.

ಬದುಕು ತಿರುಗಿದ್ದು ಮುಂಬೈಯಲ್ಲಿ. ನಗರಸಭೆಯಲ್ಲಿ ಅವರಿಗೆ ಸಿಕ್ಕಿದ್ದು ಊರಿನ ಕಸವನ್ನು ರೈಲಿನಲ್ಲಿ ಕುರ್ಲಾ ಕಡೆಗೆ ಸಾಗಿಸುವ ಕೆಲಸದ ಉಸ್ತುವಾರಿ. ರೈಲು ಸರಿಯಾಗಿ ಓಡಿದರೆ ಇಂಜಿನಿಯರನ ಕೆಲಸ ಮುಗಿಯಿತು. ಆದರೆ ಠಕ್ಕರ್ ಆ ಕಸ ಬಾಚುವವರ ಕೇರಿಗೆ ಕಾಲಿಟ್ಟರು. ಊರನ್ನೆಲ್ಲ ಗುಡಿಸುವವರ ಗುಡಿಸಲ ಸುತ್ತ ಕೊಳಕು ನೀರು, ತಲೆ ಮೇಲೆ ಬಡ್ಡಿ ಸಾಲ, ಮಕ್ಕಳಿಗೆ ಶಾಲೆಯೇ ಇಲ್ಲ. ಅವರು ಆ ಮಕ್ಕಳಿಗೆ ಶಾಲೆ ತೆರೆಸಿದರು. ಬಡ್ಡಿಯ ಬಲೆಯಿಂದ ಬಿಡಿಸಲು ಸಹಕಾರ ಸಂಘ ಕಟ್ಟಿಸಿದರು. ಆಫೀಸಿನ ಸಮಯ ಮುಗಿದ ಮೇಲೆ ಮಾಡುವ ಸೇವೆ ಸಾಲದು ಅಂತ ಅವರಿಗೆ ಅನಿಸತೊಡಗಿತು. 1914ರಲ್ಲಿ ರಾಜೀನಾಮೆ ಕೊಟ್ಟು, ಗೋಖಲೆಯವರು ಪುಣೆಯಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜ ಸೇರಿದರು.

ಅಲ್ಲಿಂದ ಮುಂದೆ ಎಲ್ಲಿ ಬರವೋ, ಎಲ್ಲಿ ನೆರೆಯೋ ಅಲ್ಲಿ ಠಕ್ಕರ್. 1920ರಲ್ಲಿ ಒರಿಸ್ಸಾದ ಪುರಿ ಜಿಲ್ಲೆಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಠಕ್ಕರ್ ಹಳ್ಳಿ ಹಳ್ಳಿ ಸುತ್ತಿ ಕಣ್ಣಾರೆ ಕಂಡದ್ದನ್ನು ಬರೆದು ಕಳಿಸಿದರು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಆ ಸಂಕಟವನ್ನು ದೇಶದ ಮುಂದಿಟ್ಟರು. ಓದಿದವರು ಹಣ, ಬಟ್ಟೆ ಕಳಿಸಿದರು. ಪತ್ರಕರ್ತ ಅಂತ ಅವರು ಹೇಳಿಕೊಂಡವರಲ್ಲ. ಆದರೆ ಹೋಗಿ ನೋಡದೆ ಬರೆಯಬಾರದು, ನೋಡಿದ ಮೇಲೆ ಬರೆಯದೆ ಇರಬಾರದು ಅನ್ನುವುದನ್ನು ಅವರು ಮಾಡಿ ತೋರಿಸಿದರು. ಬಂದ ದುಡ್ಡಿಗೂ ಪಕ್ಕಾ ಲೆಕ್ಕ. ಪ್ರಯಾಣ ಮೂರನೇ ದರ್ಜೆಯಲ್ಲಿ.

1922ರಲ್ಲಿ ಪಂಚಮಹಲಿನ ದಾಹೋದ್‌ನಲ್ಲಿ ಭೀಲ್ ಸೇವಾ ಮಂಡಲ ಕಟ್ಟಿದರು. ಕಾಡಿನ ಮಕ್ಕಳಿಗೆ ಆಶ್ರಮ ಶಾಲೆಗಳು ಬಂದವು. 1932ರಲ್ಲಿ ಹರಿಜನ ಸೇವಕ ಸಂಘ ಶುರುವಾದಾಗ ಕಾರ್ಯದರ್ಶಿ ಅವರೇ. ಅಸ್ಪೃಶ್ಯತೆ ವಿರುದ್ಧ ಗಾಂಧೀಜಿ ದೇಶ ಸುತ್ತಿದ ದೊಡ್ಡ ಪ್ರವಾಸದ ಏರ್ಪಾಡಿನ ಹೊರೆ ಅವರ ಹೆಗಲ ಮೇಲಿತ್ತು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ನಮ್ಮ ಮಂಗಳೂರಿಗೆ ಬಂದದ್ದು ಅದೇ ಪ್ರವಾಸದಲ್ಲಿ.

1946ರಲ್ಲಿ ಬಂಗಾಳದ ನೌಖಾಲಿ ಹೊತ್ತಿ ಉರಿಯಿತು. ಅಲ್ಲಿ ಮುಸ್ಲಿಮರು ಬಹುಸಂಖ್ಯಾತರು, ಪೆಟ್ಟು ತಿಂದವರು ಹಿಂದೂಗಳು. 77ರ ಹೊಸ್ತಿಲಲ್ಲಿದ್ದ ಬಾಪಾ ಗಾಂಧೀಜಿಯ ಜೊತೆ ಅಲ್ಲಿಗೆ ಹೋದರು. ಹೈಮ್‌ಚರ್ ಅನ್ನುವ ಹಳ್ಳಿಯಲ್ಲಿ ಠಿಕಾಣಿ ಹೂಡಿ, ಮನೆ ಕಳೆದುಕೊಂಡ ಬಡ ಕುಟುಂಬಗಳ ಜೊತೆ ನಿಂತರು. ಒಡೆದ ಊರನ್ನು ಮತ್ತೆ ಜೋಡಿಸಲು ಭಾಷಣ ಸಾಲದು, ಅಲ್ಲೇ ವಾಸ ಮಾಡಬೇಕು ಅನ್ನುವುದು ಅವರ ರೀತಿ. ಯಾವ ಸಮುದಾಯ ಯಾವ ಊರಿನಲ್ಲಿ ಅಲ್ಪಸಂಖ್ಯಾತವೋ, ಅಲ್ಲಿ ಅದರ ಪಕ್ಕದಲ್ಲಿ ನಿಲ್ಲುವವರ ಬೆಲೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂವಿಧಾನ ಸಭೆಯಲ್ಲೂ ಅವರು ಸದಸ್ಯರಾಗಿದ್ದರು. ಅಸ್ಸಾಂ ಬಿಟ್ಟು ಉಳಿದ ಬುಡಕಟ್ಟು ಪ್ರದೇಶಗಳ ಬಗ್ಗೆ ವರದಿ ಕೊಟ್ಟ ಉಪಸಮಿತಿಗೆ ಅವರೇ ಅಧ್ಯಕ್ಷರು. ಸಂವಿಧಾನದ ಐದನೇ ಅನುಸೂಚಿಯ ಹಿಂದೆ ಆ ಸಮಿತಿಯ ತಿರುಗಾಟದ ಬೆವರಿದೆ. 1951ರ ಜನವರಿ 20ರಂದು, ಹುಟ್ಟಿದ ಭಾವನಗರದಲ್ಲೇ ಅವರು ತೀರಿಕೊಂಡರು. 1969ರಲ್ಲಿ ಅಂಚೆ ಇಲಾಖೆ ಅವರ ಹೆಸರಲ್ಲಿ ಚೀಟಿ ಹೊರಡಿಸಿತು.

ಎಲ್ಲರೂ ಕೆಲಸ ಬಿಡಬೇಕಂತಿಲ್ಲ. ಮನೆ ನಡೆಸುವುದೂ ದೊಡ್ಡ ಜವಾಬ್ದಾರಿಯೇ. ಆದರೆ ಠಕ್ಕರ್ ಮೊದಲು ಮಾಡಿದ್ದು ಕೆಲಸ ಬಿಡುವುದನ್ನಲ್ಲ. ತನ್ನ ಇಲಾಖೆಯ ಕಸ ಯಾರ ತಲೆ ಮೇಲೆ ಹೋಗುತ್ತಿದೆ ಅಂತ ನೋಡಲು ಆ ಕೇರಿಗೆ ನಡೆದು ಹೋದದ್ದು. ಅಷ್ಟು ದೂರ ನಡೆಯಲು ನಮಗೂ ಸಾಧ್ಯವಿದೆ. ನಾಳೆ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಕಸದ ಗಾಡಿ ನಿಂತಾಗ, ಅದನ್ನು ತಂದವರ ಹೆಸರೇನು, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತ ಒಮ್ಮೆ ಕೇಳಿ ನೋಡೋಣ.