ಕಾಡಿನ ವೈದ್ಯ ಡಾ. ಕ್ಲೆಗ್‌ಹಾರ್ನ್

ನಾಗಪುರದ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರು ಘಟ್ಟದ ಮೇಲಿನ ಅಥವಾ ಕೆಳಗಿನ ಊರಿನವರು. ತವರಿನ ಸ್ಮರಣೆಯೊಡನೆ ಅಲ್ಲಿಯ ಹಸುರು ಕಾಡೂ ಕಣ್ಮುಂದೆ ನಿಲ್ಲುತ್ತದೆ. ಆ ಕಾಡು ಅಳಿದೀತೆಂದು ಸರಕಾರವನ್ನು ಎಚ್ಚರಿಸಿದವರಲ್ಲಿ ಡಾ. ಹ್ಯೂ ಕ್ಲೆಗ್‌ಹಾರ್ನರು ಪ್ರಮುಖರು.

ಸ್ಕಾಟ್ಲೆಂಡ್ ಮೂಲದ ಇವರು 1820ರಲ್ಲಿ ಮದರಾಸಿನಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ವ್ಯಾಸಂಗ ಮಾಡಿ, 1842ರಲ್ಲಿ ಕಂಪೆನಿ ಸರಕಾರದ ವೈದ್ಯರಾಗಿ ಹಿಂದಿರುಗಿದರು. ಶಿವಮೊಗ್ಗೆಯಲ್ಲಿದ್ದಾಗ ರೋಗಿಗಳ ಶುಶ್ರೂಷೆಯೊಡನೆ ಸಸ್ಯಗಳ ಅಧ್ಯಯನವನ್ನೂ ಕೈಗೊಂಡರು. ಸ್ಥಳೀಯ ಚಿತ್ರಗಾರನಿಂದ ಗಿಡಬಳ್ಳಿಗಳ ಚಿತ್ರಗಳನ್ನು ಬರೆಯಿಸಿದರು. ಅವರ ಚಿತ್ರಸಂಗ್ರಹವು ಇಂದಿಗೂ ಎಡಿನ್‌ಬರೋ ಸಸ್ಯೋದ್ಯಾನದಲ್ಲಿದೆ.

ಮಲೆನಾಡಿನಲ್ಲಿ ಮರಗಳು ಮಿತಿಯಿಲ್ಲದೆ ಉರುಳುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಸ್ವದೇಶಕ್ಕೆ ಹೋದಾಗ ವಿಜ್ಞಾನಿಗಳ ಸಮಿತಿಯೊಂದರಲ್ಲಿದ್ದು, ಕಾಡಿನ ನಾಶದಿಂದ ನೆಲಜಲಗಳಿಗೆ ಒದಗುವ ಹಾನಿಯ ಕುರಿತು 1851ರಲ್ಲಿ ವರದಿಯೊಪ್ಪಿಸಿದರು. 1856ರಲ್ಲಿ ಮದರಾಸು ಆಧಿಪತ್ಯದ ಅರಣ್ಯ ಸಂರಕ್ಷಣೆಯ ಹೊಣೆ ಅವರ ಮೇಲೆ ಬಿತ್ತು. ಕನ್ನಡ ಜಿಲ್ಲೆಯೂ ಆಗ ಆ ಆಧಿಪತ್ಯಕ್ಕೇ ಸೇರಿತ್ತು. ಹೊಸದಾಗಿ ಹಾಕುತ್ತಿದ್ದ ರೈಲುಹಾದಿಗೆ ಅಪಾರ ಮರ ಬೇಕಾಗಿತ್ತು. ನಮ್ಮನ್ನು ನಾಗಪುರಕ್ಕೆ ಹೊತ್ತು ತಂದ ರೈಲು ಕಾಡನ್ನು ನುಂಗಿಯೇ ಬೆಳೆಯಿತೆಂಬುದನ್ನು ನಾವು ಮರೆಯಲಾಗದು. ಬೆಲೆಬಾಳುವ ಮರಗಳನ್ನು ಅಪ್ಪಣೆಯಿಲ್ಲದೆ ಕಡಿಯಬಾರದೆಂಬ ಕಟ್ಟುಪಾಡನ್ನು ಕ್ಲೆಗ್‌ಹಾರ್ನರು ಜಾರಿಗೆ ತಂದರು. 1861ರಲ್ಲಿ ದಕ್ಷಿಣ ಭಾರತದ ಅರಣ್ಯ ಮತ್ತು ಉದ್ಯಾನಗಳನ್ನು ಕುರಿತು ಗ್ರಂಥ ಪ್ರಕಟಿಸಿದರು.

ಆದರೆ ಈ ಸತ್ಕಾರ್ಯದ ಭಾರ ಬಡವರ ಮೇಲೂ ಬಿತ್ತೆಂಬುದನ್ನು ಹೇಳದಿದ್ದರೆ ಸತ್ಯಕ್ಕೆ ಚ್ಯುತಿಯಾದೀತು. ಕಾಡು ಸುಟ್ಟು ಬೂದಿಯಲ್ಲಿ ಬಿತ್ತುವ ಕುಮರಿ ಬೇಸಾಯವನ್ನು ಅವರು ಬಲವಾಗಿ ವಿರೋಧಿಸಿದರು. 1860ರಲ್ಲಿ ಮದರಾಸು ಸರಕಾರವು ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಅದನ್ನೇ ನಂಬಿದ್ದ ಕುಡುಬಿ ಮೊದಲಾದ ಜನರ ಅನ್ನಕ್ಕೆ ಕುತ್ತು ಬಂದಿತು. ಹಡಗಿಗೂ ರೈಲಿಗೂ ದಿಮ್ಮಿ ಸಾಗಿಸಿದ ಸರಕಾರವು ಕುಮರಿಯವನ ಕತ್ತಿಯನ್ನು ಮಾತ್ರ ದೊಡ್ಡ ಅಪರಾಧವೆಂದೆಣಿಸಿತು.

ಕ್ಲೆಗ್‌ಹಾರ್ನರು 1895ರಲ್ಲಿ ಸ್ಕಾಟ್ಲೆಂಡಿನಲ್ಲಿ ನಿಧನರಾದರು. ಊರಿಗೆ ಹೋಗುವಾಗ ಘಟ್ಟದ ನೆರಳಿನಲ್ಲಿ ಬಸ್ಸು ಇಳಿಯುವ ಸಮಯದಲ್ಲಿ ಈ ವೈದ್ಯರನ್ನು ಸ್ಮರಿಸೋಣ. ಅವರೊಡನೆ, ಹೆಸರುಳಿಯದ ಆ ಚಿತ್ರಗಾರನನ್ನೂ, ಕಾಡು ಉಳಿಯಲೆಂದು ಅನ್ನ ಕಳೆದುಕೊಂಡ ಬಡ ಬೇಸಾಯಗಾರರನ್ನೂ ಸ್ಮರಿಸುವುದು ನಮ್ಮ ಧರ್ಮ.