ಜಾನ್ಸನ್ ಮಹಾಶಯನೂ ನಮ್ಮ ಇಂಗ್ಲಿಷ್ ತೊಡಕೂ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಕನ್ನಡ ಶಾಲೆಗಳಿಂದ ಬಂದ ನಮಗೆ ‘ಗಿವ್’ ಎಂದರೆ ಕೊಡು ಎಂದು ಗೊತ್ತು. ‘ಗಿವ್ ಅಪ್’ ಎಂದರೆ ಕೈಬಿಡು ಎಂದಾಗ ದಿಕ್ಕು ತಪ್ಪುತ್ತದೆ. ಈ ತೊಡಕನ್ನು ಚೆನ್ನಾಗಿ ಬಲ್ಲವನು ಸ್ಯಾಮ್ಯುಯಲ್ ಜಾನ್ಸನ್. 1709ರಲ್ಲಿ ಲಿಚ್‌ಫೀಲ್ಡಿನ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ ಆತ, ಬಡತನದಿಂದಾಗಿ ಪದವಿಯಿಲ್ಲದೆ ಆಕ್ಸ್‌ಫರ್ಡ್ ಬಿಟ್ಟ. 1746ರಲ್ಲಿ ನಿಘಂಟಿಗೆ ಕೈಹಾಕಿದ. 1752ರಲ್ಲಿ ಮಡದಿ ತೀರಿಕೊಂಡಳು. ಕೆಲಸವನ್ನು ಮಾತ್ರ ಕೈಬಿಡಲಿಲ್ಲ. 1755ರಲ್ಲಿ ಎರಡು ಸಂಪುಟಗಳು ಹೊರಬಂದವು. ಅದೇ ವರ್ಷ ಆಕ್ಸ್‌ಫರ್ಡೇ ಎಂ.ಎ. ಕೊಟ್ಟಿತು. ‘ಸೆಟ್ ಆಫ್’, ‘ಟೇಕ್ ಆಫ್’ನಂಥ ಜೋಡಿಗಳು ಪರದೇಶೀಯರಿಗೆ ಬಹಳ ಕಠಿಣವೆಂದು ಮುನ್ನುಡಿಯಲ್ಲೇ ಒಪ್ಪಿ, ಅವನ್ನು ಜತನದಿಂದ ಕಲೆಹಾಕಿದ್ದಾನೆ. ‘ಟೇಕ್’ ಒಂದಕ್ಕೇ ಕೊಟ್ಟ ಅರ್ಥಗಳು ನೂರಕ್ಕೂ ಮಿಕ್ಕಿವೆ! ಇದನ್ನು ತಿಳಿದ ಮೇಲೆ ನನಗಂತೂ ಧೈರ್ಯ ಬಂತು. ನಮ್ಮ ಕೈಕೊಡು, ಕೈಹಿಡಿಗಳು ಆ ಮಹಾಶಯನನ್ನೂ ಕಾಡದೆ ಬಿಡುತ್ತಿರಲಿಲ್ಲ.